ಯುಗಾದಿಗೆ ಸೇವಂತಿಗೆ: ರಾತ್ರಿಯಿಡೀ ಬಲ್ಬ್ ಉರಿಸದೆ ಹೂ ತಂದ ನನ್ನ ಅನುಭವ

ಅರ್ಧ ಎಕರೆ, ಐಶ್ವರ್ಯ ತಳಿ, 2025ರ ಯುಗಾದಿ ವಾರಕ್ಕೆ ಸರಿಯಾಗಿ ಹೂ. ಇದನ್ನು ಹೇಳಿಕೊಳ್ಳೋಕೆ ನನಗೆ ಸ್ವಲ್ಪ ಜಂಬ ಇದೆ, ಇರಲಿ ಬಿಡಿ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆಗೆ ಬಲ್ಬ್ ಹಾಕೋದು ಹೊಸದೇನಲ್ಲ. ಆದರೆ ನಮ್ಮ ಸುತ್ತಮುತ್ತ ಎಲ್ಲರೂ ಕತ್ತಲಾದಾಗ ಹಾಕಿ ಬೆಳಗಾದಾಗ ಆರಿಸುತ್ತಾರೆ. ನಾನು ನಡುರಾತ್ರಿ ಮಾತ್ರ, ಅದೂ ಬಿಟ್ಟು ಬಿಟ್ಟು ಉರಿಸಿದೆ. ಪಕ್ಕದ ಹೊಲದವನು ನೋಡಿ, "ಏನಣ್ಣಾ, ಆರ್ಕೆಸ್ಟ್ರಾ ಇಟ್ಟಿದ್ದೀಯಾ?" ಅಂದ. ಅಪ್ಪನಂತೂ "ಸಸಿ ದುಡ್ಡು ಮಣ್ಣಿಗೆ ಹಾಕಿದೆ" ಅಂತ ದಿನಾ ಹೇಳುತ್ತಿದ್ದರು.

ಸೇವಂತಿಗೆ ರಾತ್ರಿ ಉದ್ದವಾದರೆ ಮೊಗ್ಗಿಗೆ ತಿರುಗುತ್ತದೆ ಅನ್ನೋದು ನಿಮಗೆ ಗೊತ್ತೇ ಇದೆ. ತೊಂದರೆ ಏನಂದ್ರೆ, ಎಷ್ಟು ಹೊತ್ತು ಬೆಳಕು ಕೊಡಬೇಕು ಅಂತ ಇಂಟರ್‌ನೆಟ್ಟಲ್ಲಿ ಸಿಗುವ ಚಾರ್ಟುಗಳೆಲ್ಲ ಹಾಲೆಂಡ್ ಕಡೆಯವು. ಅಲ್ಲಿ ಜೂನ್‌ನಲ್ಲಿ ಹಗಲು ಹದಿನಾರೂವರೆ ಗಂಟೆ ದಾಟುತ್ತದೆ, ಡಿಸೆಂಬರ್‌ನಲ್ಲಿ ಎಂಟು ಗಂಟೆಯೂ ಇರಲ್ಲ. ನಮ್ಮಲ್ಲಿ ಜೂನ್ 21ಕ್ಕೆ ಸುಮಾರು 12 ಗಂಟೆ 55 ನಿಮಿಷ, ಡಿಸೆಂಬರ್ 21ಕ್ಕೆ 11 ಗಂಟೆ 20ರ ಹತ್ತಿರ. ವರ್ಷವಿಡೀ ಸೇರಿ ಒಂದೂವರೆ ಗಂಟೆ ಏರಿಳಿತ, ಅಷ್ಟೇ. ಚಳಿಗಾಲದಲ್ಲಿ ಸಸಿ ನೆಟ್ಟು ಸುಮ್ನೆ ಬಿಟ್ಟರೆ ಗೇಣುದ್ದಕ್ಕೇ ಮೊಗ್ಗು ಕಟ್ಟಿ ಕೂತುಬಿಡುತ್ತದೆ.

ಮೊದಲು ಸಂಜೆ ಹೊತ್ತು ಉರಿಸಿ ನೋಡಿದ್ದೆ. ಡಿಸೆಂಬರ್‌ಗೂ ಜೂನ್‌ಗೂ ಒಂದೂವರೆ ಗಂಟೆ ವ್ಯತ್ಯಾಸ ತಾನೇ, ಅಷ್ಟನ್ನು ಸಂಜೆಗೆ ಸೇರಿಸಿದರೆ ಆಯಿತು ಅನ್ನೋ ಲೆಕ್ಕ. ಆರು ಗಂಟೆಯಿಂದ ಏಳೂವರೆವರೆಗೆ. ಗಿಡ ಕ್ಯಾರೇ ಅನ್ನಲಿಲ್ಲ. ಅಲ್ಲಿಂದ ಬೆಳಗಿನವರೆಗೆ ಇನ್ನೂ ಹತ್ತೂಮುಕ್ಕಾಲು ಗಂಟೆ ಕತ್ತಲೆ ಉಳಿಯುತ್ತದೆ, ಅದು ಮೊಗ್ಗಿಗೆ ಧಾರಾಳ ಸಾಕು. ಆ ಪ್ಲಾಟಿನಲ್ಲಿ ಸಸಿ, ಗೊಬ್ಬರ, ಕೂಲಿ ಸೇರಿ 25 ಸಾವಿರಕ್ಕೂ ಜಾಸ್ತಿ ಹೋಯಿತು. ಬಂದ ಹೂವು ಮನೆ ದೇವರಿಗೆ, ನೆಂಟರಿಗೆ.

ಅದಾದ ಮೇಲೆ ರಾತ್ರಿ ಹತ್ತೂವರೆಯಿಂದ ಎರಡರವರೆಗೆ ಇಟ್ಟೆ. ಉದ್ದ ಕತ್ತಲೆಯನ್ನು ನಡುವೆ ತುಂಡು ಮಾಡಿದರೆ ಎರಡು ಚಿಕ್ಕ ರಾತ್ರಿ ಆಗುತ್ತದೆ, ಗಿಡ ಬೇಸಿಗೆ ಅಂದುಕೊಂಡು ಬೆಳೆಯುತ್ತಲೇ ಇರುತ್ತದೆ. ಇಲ್ಲಿ ಕೈ ಕೊಟ್ಟಿದ್ದು ಕರೆಂಟು. ನಡುರಾತ್ರಿ ಹೋದರೆ ನನಗೆ ಹೇಗೆ ಗೊತ್ತಾಗಬೇಕು? ಒಂದೇ ವಾರದಲ್ಲಿ ಎರಡು ಮೂರು ರಾತ್ರಿ ಹೋಗಿತ್ತಂತೆ. ಕೆಲವು ಸಾಲು ಮೊಗ್ಗು, ಕೆಲವು ಸಾಲು ಬರೀ ಸೊಪ್ಪು. ಒಂದೇ ಸಲಕ್ಕೆ ಬಿಡಿಸೋಕೆ ಆಗದೆ ಕೂಲಿ ಎರಡರಷ್ಟಾಯಿತು.

ಈಗಿನ ಪದ್ಧತಿ ಹೀಗಿದೆ. ಹತ್ತು ಅಡಿಗೊಂದು 9 ವ್ಯಾಟಿನ ಎಲ್‌ಇಡಿ, ಅರ್ಧ ಎಕರೆಗೆ 200 ಚಿಲ್ಲರೆ. ಬೆಳ್ಳಗಿನ ಕೂಲ್ ಬಲ್ಬ್ ಬೇಡ, ಹಳದಿ ಬೆಳಕಿನ ವಾರ್ಮ್ ತಗೊಳ್ಳಿ. ಗಿಡಕ್ಕೆ ತಟ್ಟೋದು ಕೆಂಪು ಬೆಳಕು, ಅದು ವಾರ್ಮ್‌ನಲ್ಲಿ ಜಾಸ್ತಿ. ನಾನು ಸಾಲು ಬಿಟ್ಟು ಸಾಲು ಬೇರೆ ಒಂದು ಬಲ್ಬ್ ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಬಲ್ಬ್, ವೈರು, ಹೋಲ್ಡರ್ ಎಲ್ಲ ಸೇರಿ 30 ಸಾವಿರದ ಆಸುಪಾಸು. ಇಬ್ಬನಿಗೆ ಹೋಲ್ಡರ್ ಶಾರ್ಟ್ ಆಗುತ್ತಿತ್ತು, ನೀರಿನ ಬಾಟಲಿ ಕತ್ತರಿಸಿ ಟೋಪಿ ಹಾಕಿದೆ. ಪಂಪ್‌ಸೆಟ್ ಲೈನಿಗೆ ಸಿಕ್ಕಿಸೋಕೆ ಹೋಗಬೇಡಿ, ಮೀಟರ್ ಬೇರೆ ಮಾಡಿಸಿ.

ಆ ನಡುರಾತ್ರಿಯ ಅವಧಿಯಲ್ಲಿ ಟೈಮರ್ ಸ್ವಲ್ಪ ಹೊತ್ತು ಹಾಕಿ ಸ್ವಲ್ಪ ಹೊತ್ತು ಆರಿಸುತ್ತದೆ. ಎಷ್ಟು ನಿಮಿಷ ಅಂತ ಕೇಳಬೇಡಿ, ಅದಕ್ಕೆ ನಾನು ಒಂದು ಬೆಳೆ ಕೊಟ್ಟಿದ್ದೇನೆ. ಉರಿಯೋದು ಒಟ್ಟು ಸಮಯದ ಮೂರನೇ ಒಂದು ಪಾಲು ಅಂತ ಮಾತ್ರ ಹೇಳಬಲ್ಲೆ. ಕರೆಂಟು ಹೋದರೆ ಫೋನಿಗೆ ಮೆಸೇಜ್ ಬರುವ ಹಾಗೂ ಮಾಡಿದ್ದೇನೆ. ರಾತ್ರಿಯಿಡೀ ಉರಿಸುವವರಿಗೆ ಇದೇ ಅರ್ಧ ಎಕರೆಗೆ ದಿನಕ್ಕೆ 20 ಯೂನಿಟ್ ದಾಟುತ್ತದೆ. ನನಗೆ ಮೂರರ ಒಳಗೆ.

ಡಿಸೆಂಬರ್ ಮೊದಲ ವಾರ ನಾಟಿ, ಅವತ್ತಿನಿಂದಲೇ ಲೈಟು. ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಲೈಟ್ ಬಂದ್ ಮಾಡಿದೆ. "ಸಂಕ್ರಾಂತಿ ಆದಮೇಲೆ ಹಗಲು ಬೆಳೆಯುತ್ತೆ, ಈಗ ಬಂದ್ ಮಾಡಿದರೆ ಮೊಗ್ಗು ಬರುತ್ತಾ?" ಅಂತ ಅಪ್ಪ. ಹಗಲು ಹಿಗ್ಗೋದು ಡಿಸೆಂಬರ್ 22ರಿಂದಲೇ ಶುರು, ಆದರೆ ಸಂಕ್ರಾಂತಿ ಹೊತ್ತಿಗೆ ಬೆಳೆದಿರೋದು ಐದು ನಿಮಿಷ. ಜನವರಿ ಮೂರನೇ ವಾರದವರೆಗೆ ಸೂರ್ಯ ಹುಟ್ಟೋದು ಇನ್ನೂ ತಡವಾಗುತ್ತಲೇ ಹೋಗುತ್ತದೆ. ಹಗಲು ಬೆಳೆಯೋದೆಲ್ಲ ಸಂಜೆ ಕಡೆಗೆ. ಹಗಲು ಸರಿಯಾಗಿ ಹನ್ನೆರಡು ಗಂಟೆ ಮುಟ್ಟೋದು ಮಾರ್ಚ್ ಎರಡನೇ ವಾರಕ್ಕೆ. ಅಷ್ಟರಲ್ಲಿ ಮೊಗ್ಗು ಕಟ್ಟಿ ಆಗಿರುತ್ತದೆ.

ಲೈಟ್ ಆರಿಸಿದ ಮೇಲೆ ಸುಮ್ನೆ ಕೂರಬೇಡಿ. ಎರಡು ವಾರ ಬಿಟ್ಟು ಒಂದೆರಡು ಗಿಡದ ತುದಿಯನ್ನು ಚಿವುಟಿ, ಎಳೆ ಎಲೆ ಒಂದೊಂದಾಗಿ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿ. ಒಳಗಿನ ಕುಡಿ ಚಪ್ಪಟೆ ಇದ್ದರೆ ಇನ್ನೂ ಸೊಪ್ಪಿನ ದಾರಿ. ರಾಗಿ ಕಾಳಿನ ಹಾಗೆ ದುಂಡಗೆ ಉಬ್ಬಿದ್ದರೆ ಗೆದ್ದಿರಿ. ನಮ್ಮದು ಉಬ್ಬಿತ್ತು. ಅಪ್ಪನಿಗೆ ತೋರಿಸಿದೆ, ಕನ್ನಡಕ ಮೇಲೆತ್ತಿ ನೋಡಿ ಏನೂ ಅನ್ನಲಿಲ್ಲ.

ಮೊದಲ ಕೊಯ್ಲು ಲೈಟ್ ಆರಿಸಿದ ಅರವತ್ತು ದಿನದ ಆಚೀಚೆ. ಹಬ್ಬದ ಹಿಂದಿನ ಎರಡು ದಿನ ಕೆಜಿಗೆ 130ರವರೆಗೆ ಹೋಯಿತು, ಹಬ್ಬ ಮುಗಿದ ಮೇಲೆ 50ಕ್ಕೆ ಇಳಿಯಿತು. ಒಟ್ಟು ಮೂರು ಟನ್ನಿಗೆ ಸ್ವಲ್ಪ ಕಡಿಮೆ, ಎರಡು ಲಕ್ಷದ ಹತ್ತಿರ ಕೈಗೆ ಬಂತು. ಖರ್ಚು ಕಳೆದು ಅರ್ಧಕ್ಕಿಂತ ಜಾಸ್ತಿ ಉಳಿದಿದೆ.

ವರಮಹಾಲಕ್ಷ್ಮಿಗೂ ತರೋಣ ಅಂತ ಒಂದು ಬೇಸಿಗೆಯಲ್ಲಿ ಕಪ್ಪು ಶೀಟು ಹೊದಿಸಿ ನೋಡಿದ್ದೆ. ಜೂನ್‌ನಲ್ಲಿ ಹಗಲಿನ ಜೊತೆ ಮುಂಜಾನೆ, ಮುಸ್ಸಂಜೆ ಬೆಳಕೂ ಸೇರಿ ಗಿಡದ ಲೆಕ್ಕಕ್ಕೆ ಹದಿಮೂರೂವರೆ ಗಂಟೆ ದಾಟುತ್ತದೆ. ಮೊಗ್ಗು ನಿಧಾನ. ಶೀಟು ಹಾಕಿದರೆ ಮೊಗ್ಗೇನೋ ಬಂತು. ಒಳಗೆ ಬೆವೆತು ಎಲೆಯೂ ಕೊಳೆಯಿತು. ತೆರೆದ ಹೊಲದಲ್ಲಿ ಅದು ಆಗುವ ಕೆಲಸವಲ್ಲ, ಬಿಟ್ಟೆ.

ಬೇಲಿಗೆ ಹಬ್ಬಿಸಿದ ನಾಟಿ ಅವರೆಯದು ಇನ್ನೊಂದು ಕಥೆ. ಬಲ್ಬ್ ಪಕ್ಕದ ಹತ್ತಡಿ ಬಳ್ಳಿ ಬರೀ ಹಸಿರು, ಒಂದು ಕಾಯಿ ಇಲ್ಲ. ಆಚೆ ತುದಿಯಲ್ಲಿ ಸೊನೆ ಸೋರುವ ಹಾಗೆ ಕಾಯಿ. ನಾಟಿ ಅವರೆಗೂ ಉದ್ದ ರಾತ್ರಿ ಬೇಕು. ಅಲ್ಲಿ ಹಾಕೋದಾದರೆ ಹೆಬ್ಬಾಳ ಅವರೆ ಹಾಕಿ, ಅದಕ್ಕೆ ಹಗಲಿನ ಹಂಗಿಲ್ಲ.

ಸೇವಂತಿಗೆಯಿಂದ ಬಿಚ್ಚಿದ ಬಲ್ಬ್‌ಗಳನ್ನು ಬಾಮೈದನ ಡ್ರ್ಯಾಗನ್ ಫ್ರೂಟ್ ಕಂಬಗಳಿಗೆ ಕಟ್ಟಿದ್ದೇವೆ. ಅದರದು ಉಲ್ಟಾ, ಬೆಳಕು ಕೊಟ್ಟರೇ ಹೂ. ಫೆಬ್ರವರಿಯಲ್ಲಿ ಅಲ್ಲೊಂದು ಇಲ್ಲೊಂದು ಮೊಗ್ಗು ಬಂತು, ಅರ್ಧ ಉದುರಿತು. 9 ವ್ಯಾಟ್ ಸಾಲದು ಅನಿಸುತ್ತದೆ. ಮುಂದಿನ ಚಳಿಗಾಲಕ್ಕೆ ನಾಲ್ಕು ಸಾಲಿಗೆ ಮಾತ್ರ 15 ವ್ಯಾಟ್ ಹಾಕಿ ನೋಡುತ್ತೇವೆ, ದುಡ್ಡು ಅವನದು.