ಈಚಲಿನ ಉಲ್ಟಾ ತುಂಡು

ಖರ್ಜೂರದ ಕಾಡು ಸಂಬಂಧಿ ಬೇಕಾದರೆ ನಮ್ಮ ಚಿತ್ರದುರ್ಗದ ಕಡೆ ದೂರ ಹೋಗಬೇಕಿಲ್ಲ. ಹಿರಿಯೂರಿನ ಹತ್ತಿರ ವೇದಾವತಿ ದಂಡೆಯಲ್ಲಿ, ಹೊಲದ ಬದುಗಳಲ್ಲಿ ಈಚಲು ನಿಂತೇ ಇರುತ್ತದೆ. ಅದರ ಕ್ಲೋರೋಪ್ಲಾಸ್ಟ್ (ಎಲೆಗೆ ಹಸಿರು ಕೊಡುವ ಕಣ) ಜೀನೋಮ್, ಅಂದರೆ ಅದರೊಳಗಿನ ಇಡೀ ಡಿಎನ್‌ಎ ಬರಹ, ಓದಿಸಲು ನನಗೆ ಬೇಕಿದ್ದದ್ದು ಒಂದು ಹಿಡಿ ಎಳೆ ಗರಿ.

ಸುಳಿಗೇ ಕೈ ಹಾಕಿದ್ದೆ. ಪೊರಕೆಗೆ ಗರಿ ಕೊಯ್ಯುತ್ತಿದ್ದ ಅಜ್ಜ ಗದರಿದರು: "ಸುಳಿ ಮುರೀಬ್ಯಾಡವ್ವಾ, ಮರ ಸತ್ತೋಗ್ತದೆ." ಆ ಮಾತಿನಿಂದ ಮರವೂ ಉಳಿಯಿತು, ನನ್ನ ಕೆಲಸವೂ ಉಳಿಯಿತು. ಸುಳಿಯೊಳಗಿನ ಬಿಳಿ ಗರಿಗೆ ಹಸಿರೇ ಬಂದಿರುವುದಿಲ್ಲ, ನನಗೆ ಬೇಕಾದದ್ದು ಹಸಿರಿನ ಡಿಎನ್‌ಎ ಅಲ್ವಾ? ಪಕ್ಕದ, ಆಗಷ್ಟೇ ಹಸಿರಾದ ಗರಿ ಕತ್ತರಿಸಿ ಸಿಲಿಕಾ ಜೆಲ್ ಇದ್ದ ಕವರಿಗೆ ಹಾಕಿದೆ.

ದಾವಣಗೆರೆಯ ಲ್ಯಾಬಿನಲ್ಲಿ ಡಿಎನ್‌ಎ ಹೊರತೆಗೆಯುವ ಸಿಟಿಎಬಿ ವಿಧಾನದಿಂದ ಮೊದಲ ಸಲ ಬಂದದ್ದು ಬರೀ ಕಂದು ಲೋಳೆ. ದ್ರವ ಸಾರಜನಕ ಹಾಕಿ ಅರೆದು, ಕಂದು ಮಾಡುವ ವಸ್ತುಗಳನ್ನು ಹಿಡಿದಿಡುವ ಪಿವಿಪಿ ಜಾಸ್ತಿ ಮಾಡಿ, ಮೂರನೇ ಸಲಕ್ಕೆ ತಿಳಿ ಡಿಎನ್‌ಎ ಸಿಕ್ಕಿತು. ಕ್ಲೋರೋಪ್ಲಾಸ್ಟನ್ನು ಬೇರ್ಪಡಿಸುವ ಗೋಜಿಗೆ ಹೋಗಲಿಲ್ಲ. ಎಲೆಯ ಒಂದೊಂದು ಕೋಶದಲ್ಲೂ ಅದರ ಡಿಎನ್‌ಎ ಪ್ರತಿಗಳು ನೂರಾರು, ಸಾವಿರಾರು. ಇಡೀ ಡಿಎನ್‌ಎಯನ್ನು ಇಲ್ಯುಮಿನಾ ಎಂಬ ಡಿಎನ್‌ಎ ಓದುವ ಯಂತ್ರದಲ್ಲಿ ತೆಳುವಾಗಿ ಓದಿಸಿದರೂ ಬೇಕಾದಷ್ಟು ಸಿಗುತ್ತದೆ. ಗೆಟ್‌ಆರ್ಗನೆಲ್ ಎಂಬ ಸಾಫ್ಟ್‌ವೇರ್ ಓದಿದ ತುಣುಕುಗಳನ್ನು ಜೋಡಿಸಿ ಉಂಗುರ ಮಾಡಿಕೊಟ್ಟಿತು.

ಖರ್ಜೂರದ್ದು 2010ರಲ್ಲೇ ಪ್ರಕಟವಾಗಿದೆ, 1,58,462 ಅಕ್ಷರ (ಡಿಎನ್‌ಎ ಬರಹದ ಎ, ಟಿ, ಜಿ, ಸಿ). ಎರಡನ್ನೂ, ಬರಹಗಳ ಹೊಂದಿಕೆಯನ್ನು ಗೆರೆಯಾಗಿ ತೋರಿಸುವ ಡಾಟ್ ಪ್ಲಾಟ್‌ನಲ್ಲಿ ಇಟ್ಟು ನೋಡಿದೆ. ನೆಟ್ಟಗೆ ಹೋಗುತ್ತಿದ್ದ ಓರೆ ಗೆರೆ ಒಂದು ಕಡೆ ಮುರಿದಿತ್ತು. ಸುಮಾರು 17,700 ಅಕ್ಷರದ ತುಂಡು ಪೂರ್ತಿ ಉಲ್ಟಾ! ರಾತ್ರಿ ನಿದ್ದೆ ಬರಲಿಲ್ಲ. ಪೇಪರಿಗೆ ಹೆಸರೂ ಬರೆದಿಟ್ಟೆ.

ಬೆಳಿಗ್ಗೆ ಗೈಡ್ ನೋಡಿ ನಕ್ಕರು. "ಇನ್ನೊಂದು ಫೈಲ್ ತೆಗಿಯಮ್ಮಾ."

ಸಾಫ್ಟ್‌ವೇರ್ ಎರಡು ಫೈಲ್ ಕೊಟ್ಟಿತ್ತು, ನಾನು ಒಂದನ್ನೇ ತೆರೆದಿದ್ದೆ. ಆ ಚಿಕ್ಕ ತುಂಡಿನ ಆಚೆ ಈಚೆ ಒಂದೇ ಬರಹ, ಎದುರುಬದುರಾಗಿ ಕೂತಿರುತ್ತದೆ. ಖರ್ಜೂರದಲ್ಲಿ ಒಂದೊಂದು ಬದಿಗೂ 27,276 ಅಕ್ಷರ. ಅವೆರಡೂ ಒಂದಕ್ಕೊಂದು ಕೂಡಿ, ಅದಲುಬದಲಾಗಿ ಬಿಡಿಸಿಕೊಂಡಾಗ ನಡುವಿನದು ಮಗುಚಿಕೊಳ್ಳುತ್ತದೆ. ಒಂದೇ ಗಿಡದಲ್ಲಿ ಎರಡೂ ರೂಪ ಇರುತ್ತವೆಂದು ವಿಜ್ಞಾನಿ ಜೆಫ್ರಿ ಪಾಮರ್ 1983ರಲ್ಲೇ ತೋರಿಸಿದ್ದಾರೆ. ನಾನು ಓದಿದ್ದೆ, ಪರೀಕ್ಷೆಗೆ ಮಾತ್ರ.

ಇನ್ನೊಂದು ಫೈಲ್ ಹಾಕಿದಾಗ ಗೆರೆ ನೆಟ್ಟಗಾಯಿತು. ಉಳಿದದ್ದು ಅಲ್ಲೊಂದು ಇಲ್ಲೊಂದು ಅಕ್ಷರದ ವ್ಯತ್ಯಾಸ, ಹೆಚ್ಚಿನವು ಜೀನ್‌ಗಳ ನಡುವಿನ ಜಾಗದಲ್ಲಿ. ಈ ಚಿಲ್ಲರೆಯೇ ನನಗೆ ಕೆಲಸಕ್ಕೆ ಬರುವುದು. ಈಚಲಿಗೂ ಖರ್ಜೂರಕ್ಕೂ ಬೆರಕೆಯಾದ ಮರ ಸಿಕ್ಕರೆ ತಾಯಿ ಯಾವುದು ಅಂತ ಇದರಿಂದ ಹೇಳಬಹುದು, ಇವುಗಳಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ತಾಯಿಯಿಂದ. ತಂದೆಯನ್ನು ಹುಡುಕಲು ನ್ಯೂಕ್ಲಿಯಸ್ಸಿನ ಡಿಎನ್‌ಎಗೇ ಹೋಗಬೇಕು. ಅದಕ್ಕೆ ಹೊಸ ಗರಿ ತರಬೇಕು, ಸುಳಿ ಬಿಟ್ಟು.