ಅದೇ ಪೇಜ್ ಎಷ್ಟು ನೋಡ್‌ನಲ್ಲಿದೆ?

ಪುಣೆಯ ಪಾಷಾಣ್ ಕಡೆಯ ಒಂದು ಲ್ಯಾಬ್‌ನಲ್ಲಿ ನಮ್ಮ ಹವಾಮಾನದ ಮಾಡೆಲ್ ಓಡುತ್ತದೆ. ತಲೆನೋವು ಲೆಕ್ಕದ್ದಲ್ಲ, ಚೆಕ್‌ಪಾಯಿಂಟ್‌ದು, ಅಂದರೆ ನಡುವೆ ನಿಂತರೆ ಅಲ್ಲಿಂದಲೇ ಶುರು ಮಾಡಲು ಆಗಾಗ ಸ್ಥಿತಿಯನ್ನು ಉಳಿಸಿಡುವುದರದು. ಎಲ್ಲ ನೋಡ್‌ಗಳೂ (ಜೊತೆಗೂಡಿ ಮಾಡೆಲ್ ಓಡಿಸುವ ಕಂಪ್ಯೂಟರ್‌ಗಳು) ಒಟ್ಟಿಗೆ ಮೆಮೊರಿಯನ್ನು ಡಿಸ್ಕ್‌ಗೆ ಸುರಿಯತೊಡಗಿದರೆ ಮಿಕ್ಕವರ ಕೆಲಸವೂ ನಿಂತಂತೆಯೇ. ಸುರಿಯುವುದರಲ್ಲಿ ಎಷ್ಟೋ ಭಾಗ ಒಂದೇ ಎಂಬ ಅನುಮಾನ ನನಗೆ. ವಿಕಿರಣದ ಲೆಕ್ಕಕ್ಕೆ ಬೇಕಾದ ಟೇಬಲ್‌ಗಳನ್ನು, ಮಾಡೆಲ್‌ನ ಒಂದೊಂದು ಪಾಲು ನಡೆಸುವ ಪ್ರತಿ ಪ್ರೊಸೆಸ್ಸೂ ತಾನೇ ಓದಿ ಇಟ್ಟುಕೊಳ್ಳುತ್ತದೆ, ಅಲ್ವಾ?

"ಮೊದ್ಲ ಎಣಸ್ರಿ, ಆಮ್ಯಾಲ ಉಳಸೋಣಂತ" ಅಂದರು ಹುಬ್ಬಳ್ಳಿ ಕಡೆಯ ನಮ್ಮ ಸೀನಿಯರ್.

ಎಣಿಸುವುದು ಸುಲಭ. ನಮ್ಮ ಲಿನಕ್ಸ್‌ನಲ್ಲಿ ಪೇಜ್ ಅಂದರೆ ಮೆಮೊರಿಯ 4 ಕೆಬಿಯ ಒಂದು ತುಂಡು. ಒಂದು ಜಿಬಿಗೆ 2,62,144 ಪೇಜ್. ಪೇಜ್‌ಗೊಂದು 16 ಬೈಟ್‌ನ ಹ್ಯಾಶ್ (ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಅಂದರೂ ಜಿಬಿಗೆ ಬರೀ 4 ಎಂಬಿ. ನೆಟ್‌ವರ್ಕ್‌ಗೆ ಅದು ಯಾವ ಲೆಕ್ಕ? ಎಲ್ಲ ಪ್ರೊಸೆಸ್‌ಗಳನ್ನೂ ಬ್ಯಾರಿಯರ್‌ನಲ್ಲಿ (ಎಲ್ಲರೂ ಬರುವವರೆಗೆ ಕಾಯುವ ಜಾಗ) ನಿಲ್ಲಿಸಿ ಹ್ಯಾಶ್ ತೆಗೆದೆ. ಹ್ಯಾಶನ್ನು ನೋಡ್‌ಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಶೇಷದ ನೋಡ್‌ಗೆ ಅದರ ಲೆಕ್ಕ ಇಡುವ ಕೆಲಸ.

ಟೇಬಲ್‌ಗಳು ಸಿಕ್ಕವು. ಸೊನ್ನೆ ತುಂಬಿದ ಪೇಜ್‌ಗಳಂತೂ ರಾಶಿ ರಾಶಿ. ಸಿಗದೇ ಹೋದದ್ದು ಹೇಲೋ. ಅದು ಪಕ್ಕದ ಪ್ರೊಸೆಸ್‌ನ ಅಂಚಿನ ಸಾಲುಗಳ ನಕಲು. ನಕಲು ಅಂತ ನಮಗೆ ಗೊತ್ತು, ಹ್ಯಾಶ್‌ಗೆ ಗೊತ್ತಾಗುವುದಿಲ್ಲ. ಅಲ್ಲಿ ಪೇಜ್‌ನ ತಲೆಯಿಂದ ಶುರುವಾಗುವ ಸಾಲು ಇಲ್ಲಿ ನಡುವಿನಿಂದ ಶುರುವಾಗುತ್ತದೆ. 8 ಬೈಟ್ ಜರುಗಿದರೂ ಹ್ಯಾಶ್ ಪೂರ್ತಿ ಬೇರೆ. ಪಾಯಿಂಟರ್ (ಮೆಮೊರಿಯ ವಿಳಾಸ) ತುಂಬಿದ ಪೇಜ್‌ಗಳೂ ಹೀಗೇ ತಪ್ಪಿಸಿಕೊಳ್ಳುತ್ತವೆ. ಒಳಗಿನ ವಿಳಾಸಗಳು ಪ್ರೊಸೆಸ್‌ಗೊಂದು ಥರ. ಟೇಬಲ್‌ಗಳಿಗೆ ಮಾತ್ರ ಪೇಜ್‌ನ ಗಡಿಗೆ ಸರಿಯಾಗಿ ಜಾಗ ಕೊಡಿಸಿದೆ.

ಒಂದೇ ನೋಡ್‌ನೊಳಗಿನ ನಕಲಿಗೆ, ಒಂದೇ ಥರದ ಪೇಜ್‌ಗಳನ್ನು ಹುಡುಕಿ ಒಂದಾಗಿಸುವ ಕೆಎಸ್‌ಎಂ ಲಿನಕ್ಸ್‌ನಲ್ಲೇ ಇದೆ. 2009ರ ಲಿನಕ್ಸ್ 2.6.32ರಿಂದಲೂ ಇದೆ. ಆದರೆ ಅದು ಸುಮ್ನೆ ಸ್ಕ್ಯಾನ್ ಮಾಡುತ್ತಾ ಸಿಪಿಯು ತಿನ್ನುತ್ತದೆ. ನೋಡ್‌ಗಳ ನಡುವಿನ ವೇಗದ ನೆಟ್‌ವರ್ಕ್ ಆದ ಇನ್ಫಿನಿಬ್ಯಾಂಡ್‌ಗಾಗಿ ಪಿನ್ ಮಾಡಿದ (ಜಾಗ ಬಿಟ್ಟು ಕದಲದಂತೆ ಕಟ್ಟಿಹಾಕಿದ) ಪೇಜ್‌ಗಳನ್ನು ಮುಟ್ಟುವುದೂ ಇಲ್ಲ. ಎಲ್ಲಿ ನಕಲಿದೆ ಅಂತ ನಮಗೇ ಗೊತ್ತಿರುವಾಗ ಅದು ಯಾಕೆ? ಪ್ರೊಸೆಸ್‌ಗಳು ಮಾತಾಡಿಕೊಳ್ಳಲು ಬಳಸುವ ಎಂಪಿಐ ಇದೆಯಲ್ಲ, 2012ರ ಎಂಪಿಐ-3ರ ಶೇರ್ಡ್ ವಿಂಡೋ (ಒಂದು ನೋಡ್‌ನ ಪ್ರೊಸೆಸ್‌ಗಳೆಲ್ಲ ಹಂಚಿಕೊಳ್ಳುವ ಮೆಮೊರಿ) ಬಳಸಿ ನೋಡ್‌ಗೆ ಒಂದೇ ಟೇಬಲ್ ಇಟ್ಟೆ. ನೋಡ್ ದಾಟಿ ಹಂಚಿಕೊಳ್ಳಲು ಹೋಗಲಿಲ್ಲ. ಬೇರೆ ನೋಡ್‌ನ ಮೆಮೊರಿಯಿಂದ ಓದುವುದು ತುಂಬಾ ನಿಧಾನ, ಒಳಗಿನ ಲೂಪ್‌ಗೆ ಅದು ಆಗುವ ಮಾತಲ್ಲ.

ನೋಡ್ ದಾಟಿದ ನಕಲಿನ ಲಾಭ ಸಿಕ್ಕಿದ್ದು ಚೆಕ್‌ಪಾಯಿಂಟ್‌ನಲ್ಲೇ. ಒಂದು ಪೇಜನ್ನು ಒಬ್ಬರೇ ಬರೆದರೆ ಸಾಕು. ಆದರೆ ಯಾರು? ಚಿಕ್ಕ ರ‍್ಯಾಂಕ್‌ನವರು (ರ‍್ಯಾಂಕ್ ಅಂದರೆ ಪ್ರೊಸೆಸ್‌ನ ಕ್ರಮಸಂಖ್ಯೆ) ಎಂದರೆ ಎಲ್ಲ ಟೇಬಲ್‌ಗಳೂ ಸೊನ್ನೆಯ ರ‍್ಯಾಂಕ್‌ನ ತಲೆ ಮೇಲೆ. ಹಾಗಾಗಿ ಪೇಜ್ ಇಟ್ಟುಕೊಂಡವರಲ್ಲೇ ಒಬ್ಬರನ್ನು ಹ್ಯಾಶ್ ನೋಡಿ ಆರಿಸುತ್ತೇನೆ. ಮತ್ತೆ ಶುರು ಮಾಡುವಾಗ ಒಬ್ಬರು ಓದಿ ಉಳಿದವರಿಗೆ ಬ್ರಾಡ್‌ಕಾಸ್ಟ್ ಮಾಡುತ್ತಾರೆ.

ಹೇಲೋ ಬಫರ್‌ಗಳನ್ನು ಬರೆಯುವುದನ್ನೇ ಬಿಟ್ಟೆ. ಪಕ್ಕದವರ ಜೊತೆ ಒಂದು ಸಲ ಎಕ್ಸ್‌ಚೇಂಜ್ ಮಾಡಿದರೆ ತುಂಬಿಕೊಳ್ಳುತ್ತವೆ.