ಅಪ್ಪನ ಮಳೆ ಡೈರಿಯೂ ನಾನು ಕಳೆದ ಸರಾಸರಿಯೂ

ಪೆರ್ಲದ ಹತ್ತಿರ ನಮ್ಮದು ಅಡಿಕೆ ತೋಟ. ಅಪ್ಪ ದಿನಾ ಬೆಳಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ. "ಯಾವ ವರ್ಷ ಯಾವ ತಿಂಗಳು ಮಳೆ ಕೈಕೊಟ್ಟಿತು ಅಂತ ಚಿತ್ರದಲ್ಲಿ ತೋರಿಸ್ಲಿಕ್ಕೆ ಆಗ್ತದಾ?" ಅಂತ ಒಮ್ಮೆ ಕೇಳಿದರು. 2012ರಿಂದ 2023ರವರೆಗಿನದ್ದನ್ನು ಕೂತು ಟೈಪ್ ಮಾಡಿದೆ. ವರ್ಷಕ್ಕೊಂದು ಸಾಲು, ತಿಂಗಳಿಗೊಂದು ಕಾಲಂ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಅಂಕಿಗಳ ಲೆಕ್ಕಕ್ಕಿರುವ ನಂಪೈ ಲೈಬ್ರರಿ ಹಾಕಿಕೊಂಡು ಮೊದಲು ಬರೆದದ್ದು ಇಷ್ಟೇ: ಮಳೆ - ಮಳೆ.ಮೀನ್(). ಮೀನ್ ಅಂದರೆ ಸರಾಸರಿ. ಆಗ 144 ಅಂಕಿಗಳಿಗೂ ಸೇರಿ ಒಂದೇ ಸರಾಸರಿ, ಅದನ್ನೇ ಎಲ್ಲದರಿಂದ ಕಳೆದದ್ದು. ಗ್ರಾಫ್‌ನಲ್ಲಿ ಜನವರಿಗಳೆಲ್ಲ ಸೊನ್ನೆಯ ಕೆಳಗೆ, ಜುಲೈಗಳೆಲ್ಲ ಮೇಲೆ. ಅಪ್ಪ ಕೇಳಿದ್ದು ಇದನ್ನಲ್ಲ. ಜುಲೈಯನ್ನು ಜುಲೈಗಳ ಜೊತೆಗೇ ಹೋಲಿಸಬೇಕು, ಅಲ್ವಾ?

ಹಾಗಾಗಿ ಮೀನ್‌ಗೆ ಆಕ್ಸಿಸ್=1 ಕೊಟ್ಟೆ; ಸರಾಸರಿ ಯಾವ ದಿಕ್ಕಿನಲ್ಲಿ ತೆಗೆಯಬೇಕು ಅಂತ ಹೇಳುವುದು ಈ ಆಕ್ಸಿಸ್. ಎಡವಿದ್ದು ಇಲ್ಲೇ. ಅದು ಕೊಡುವುದು ಒಂದೊಂದು ಸಾಲಿನ, ಅಂದರೆ ಒಂದೊಂದು ವರ್ಷದ ಸರಾಸರಿ. ಆದರೆ ಕಳೆಯುವಾಗ ನಂಪೈ ಆ 12 ಅಂಕಿಗಳನ್ನು ಕಾಲಂಗಳಿಗೆ ಜೋಡಿಸುತ್ತದೆ, ಹಾಗಾಗಿ ಎಲ್ಲ ಜನವರಿಗಳಿಂದ 2012ರ ಸರಾಸರಿ, ಎಲ್ಲ ಫೆಬ್ರವರಿಗಳಿಂದ 2013ರದ್ದು ಹೋಯಿತು. ವರ್ಷವೂ 12, ತಿಂಗಳೂ 12, ಅದಕ್ಕೇ ಎರರ್ ಬರಲೇ ಇಲ್ಲ. ಗ್ರಾಫ್ ಹೆಚ್ಚುಕಡಿಮೆ ಹಳೆಯದರ ಹಾಗೇ ಇದ್ದದ್ದು ನೋಡಿ ಸಂಶಯ ಬಂತು. ಕಳೆದ ಮೇಲೆ ಪ್ರತಿ ಕಾಲಂನ ಸರಾಸರಿ ಸೊನ್ನೆ ಆಗಬೇಕು. ಪ್ರಿಂಟ್ ಮಾಡಿದರೆ ಒಂದೂ ಆಗಿರಲಿಲ್ಲ. ಆಕ್ಸಿಸ್=0 ಮಾಡಿ, ಒಂದೊಂದು ಕಾಲಂನ, ಅಂದರೆ ಒಂದೊಂದು ತಿಂಗಳ ಸರಾಸರಿ ಕಳೆದ ಮೇಲೆ ಸರಿಹೋಯಿತು. ನಿಖರ ಸೊನ್ನೆಯೇ ಬರುವುದಿಲ್ಲ, ದಶಮಾಂಶದ ಆಚೆ ಎಲ್ಲೋ ಚೂರು ಉಳಿಯುತ್ತದೆ, ಅದಕ್ಕೆ ಹೆದರಬೇಡಿ.

ಇನ್ನೊಂದು ವಿಷಯ. 2016ರ ಮೇ ತಿಂಗಳ ಪುಟಗಳನ್ನು ಗೆದ್ದಲು ತಿಂದಿತ್ತು, ಅಲ್ಲಿ ನಾನು 0 ಹಾಕಿದ್ದೆ. ಮಳೆ ಬರಲಿಲ್ಲ ಅನ್ನುವುದೂ ಗೊತ್ತಿಲ್ಲ ಅನ್ನುವುದೂ ಒಂದೇ ಅಲ್ಲ. ಅದನ್ನು ನ್ಯಾನ್ (ಇಲ್ಲಿ ಅಂಕಿ ಇಲ್ಲ ಅನ್ನುವ ಗುರುತು) ಮಾಡಿ, ಮೀನ್ ಬದಲು ಅಂಥದ್ದನ್ನು ಬಿಟ್ಟು ಸರಾಸರಿ ತೆಗೆಯುವ ನ್ಯಾನ್‌ಮೀನ್ ಬಳಸಿದೆ.

ಆಮೇಲೆ ಗ್ರಾಫ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ತಿಂಗಳಿಗೊಂದು ಬಾರ್ ಚಿತ್ರ. ಸೊನ್ನೆಯಲ್ಲಿ ಒಂದು ಗೆರೆ, ಮೇಲಿನದ್ದು ನೀಲಿ, ಕೆಳಗಿನದ್ದು ಕೆಂಪು. ಹನ್ನೆರಡಕ್ಕೂ ಒಂದೇ ಅಳತೆಯ ವೈ ಅಕ್ಷ ಇಟ್ಟೆ, ಇಲ್ಲದಿದ್ದರೆ ಫೆಬ್ರವರಿಯ ನಾಲ್ಕು ಹನಿಯೂ ಜುಲೈಯಷ್ಟೇ ದೊಡ್ಡದಾಗಿ ಕಾಣುತ್ತದೆ. ಆಗಸ್ಟ್ ಚಿತ್ರದ ಕೊನೆಯಲ್ಲಿ 2023ರ ಕೆಂಪು ಬಾರ್ ಉದ್ದಕ್ಕೆ ಕೆಳಗಿಳಿದಿತ್ತು. ಇಡೀ ದೇಶಕ್ಕೇ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್ ಅದು. ಅಪ್ಪ ಅದರ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದರು, ಆಮೇಲೆ ಅಟ್ಟ ಹತ್ತಿ 2011ರ ಡೈರಿ ತಂದುಕೊಟ್ಟರು. ಈಗ ಸಾಲು 13, ಕಾಲಂ 12. ಇನ್ನು ಆಕ್ಸಿಸ್ ತಪ್ಪಿದರೆ ಎರರ್ ಬಂದೇ ಬರುತ್ತದೆ.